ಒಂದೇ ಕೈಗಡಿಯಾರ ಕಟ್ಟಿದ ಮೂವರು ಅಜ್ಜಿಯರು

೨೦೨೬, ಜನವರಿ ೧೧, ಭಾನುವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತೆ. ಶಿವಮೊಗ್ಗದ ವಿದ್ಯಾನಗರದಲ್ಲಿರುವ ನಮ್ಮ ಮನೆಯ ಊಟದ ಮೇಜು. ಎದುರಿನ ಗೋಡೆಯ ಮೇಲೆ ಸುತ್ತಲಿನ ಬಣ್ಣಕ್ಕಿಂತ ಬೆಳ್ಳಗಿರುವ ಒಂದು ಚೌಕವಿದೆ. ಕಳೆದ ತಿಂಗಳವರೆಗೆ ಅಲ್ಲಿ ನನ್ನ ಅಜ್ಜಿಯ, ಎಂದರೆ ಅಪ್ಪನ ತಾಯಿಯ, ಫೋಟೋ ಇತ್ತು. ಅದು ಹೇಗೆ ಕೆಳಗಿಳಿಯಿತು ಎಂಬುದನ್ನು ಕ್ರಮವಾಗಿ ಬರೆದಿಡಬೇಕು.

ನಾನು ಖಾಸಗಿ ರಕ್ತ ಪರೀಕ್ಷಾ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಒಂದು ನಿಯಮವಿದೆ. ಸೀಸೆಯ ಮೇಲೆ ಹೆಸರು, ತಾರೀಖು, ಹೊತ್ತು ಇಲ್ಲದಿದ್ದರೆ ಆ ರಕ್ತವನ್ನು ಪರೀಕ್ಷೆಗೆ ತೆಗೆದುಕೊಳ್ಳುವಂತಿಲ್ಲ. ಭಾನುವಾರಗಳಲ್ಲಿ ನಾನು ಮಾಡುವ ಇನ್ನೊಂದು ಕೆಲಸಕ್ಕೆ ಈ ನಿಯಮ ಹಾಕಿದರೆ ಏನೂ ಉಳಿಯುವುದಿಲ್ಲ. ಅರವತ್ತರ ದಶಕದಲ್ಲಿ ಶರಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಶಿವಮೊಗ್ಗ, ಭದ್ರಾವತಿಯ ಕಡೆ ನೆಲೆಸಿದವರ ಮನೆಗಳಿಗೆ ಹೋಗಿ, ಟ್ರಂಕಿನಲ್ಲಿ, ದೇವರ ಕೋಣೆಯಲ್ಲಿ, ಬೀರುವಿನ ಸೀರೆಗಳ ಕೆಳಗೆ ಇರುವ ಹಳೆಯ ಫೋಟೋಗಳ ಪ್ರತಿ ತೆಗೆದುಕೊಳ್ಳುತ್ತೇನೆ. ಹಿಂಬದಿಯಲ್ಲಿ ಏನಾದರೂ ಬರೆದಿರುವ ಫೋಟೋ ಹತ್ತಕ್ಕೊಂದು ಸಿಕ್ಕರೆ ಪುಣ್ಯ.

ನಮ್ಮವರನ್ನು ಇಲ್ಲಿ ‘ಮುಳುಗಡೆಯವರು’ ಎನ್ನುತ್ತಾರೆ. ನಾನು ಹುಟ್ಟಿದ್ದು ಶಿವಮೊಗ್ಗದ ಆಸ್ಪತ್ರೆಯಲ್ಲಿ, ಓದಿದ್ದು ಇಲ್ಲೇ, ಆ ಹಿನ್ನೀರನ್ನು ನೋಡಿದ್ದು ಶಾಲೆಯ ಪ್ರವಾಸದಲ್ಲಿ. ಆದರೂ ಬೀದಿಯ ಹಿರಿಯರಿಗೆ ನಾನು ಮುಳುಗಡೆಯವರ ಮೊಮ್ಮಗಳು. ಈ ಹೆಸರಿನ ಹಿಂದೆ ಏನಿತ್ತು ಎಂದು ತಿಳಿಯುವ ಆಸೆಯಿಂದಲೇ ಈ ಕೆಲಸ ಶುರುವಾಯಿತು. ಘಟ್ಟದ ಅಂಚಿನ ಆ ಸೀಮೆಯ ಚರಿತ್ರೆಯನ್ನು ಬರೀ ಫೋಟೋಗಳಿಂದ ಹೇಳಬಹುದೇ ಎಂದು ನೋಡಬೇಕಿತ್ತು.

ಮೊದಲ ದಿನವೇ ನೋಟುಬುಕ್ಕಿನ ಹಾಳೆಗೆ ಗೆರೆ ಎಳೆದು ಎರಡು ಕಲಮು ಮಾಡಿಕೊಂಡಿದ್ದೆ. ಒಂದು ‘ಊರಿನಲ್ಲಿ ತೆಗೆದದ್ದು’, ಇನ್ನೊಂದು ‘ಇಳಿದು ಬಂದ ಮೇಲೆ ತೆಗೆದದ್ದು’. ನಮ್ಮವರು ಊರು ಬಿಟ್ಟೆವು ಎನ್ನುವುದಿಲ್ಲ, ಇಳಿದು ಬಂದೆವು ಎನ್ನುತ್ತಾರೆ. ಎರಡನೆಯ ಕಲಮು ಬೇಗ ತುಂಬಿತು. ಬಾಗಿಲ ಚೌಕಟ್ಟು, ಕಂಬ, ತೊಲೆ, ಒರಳು ಹೇರಿಕೊಂಡು ನಿಂತ ಲಾರಿ. ಅದರ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತ ಮುದುಕಿ. ಹಸುಗಳನ್ನು ತುಂಬಿಕೊಂಡ ಲಾಂಚು. ಸಕ್ರೆಬೈಲಿನ ಕಡೆ ದಿಮ್ಮಿ ಎಳೆಯುವ ಆನೆಯ ಪಕ್ಕದಲ್ಲಿ, ಕೂಲಿಗೆ ಹೋಗಿದ್ದ ಹುಡುಗರು. ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ದಿನ ಹೊಸ ಚಡ್ಡಿ ಹಾಕಿ ಸಾಲಾಗಿ ನಿಂತವರು. ಸ್ಟುಡಿಯೋದಲ್ಲಿ ತೆಗೆಸಿದ ದಂಪತಿಗಳ ಚಿತ್ರಗಳು ಲೆಕ್ಕವಿಲ್ಲದಷ್ಟು. ಅವುಗಳಲ್ಲಿ ಹಲವಕ್ಕೆ ಹಿಂದಿರುವ ಪರದೆ ಒಂದೇ. ಅದರ ಮೇಲೆ ಬಿಡಿಸಿರುವುದು ಒಂದು ಕೆರೆ, ಹಂಸ, ಮೆಟ್ಟಿಲು. ಊರನ್ನು ನೀರಿಗೆ ಕೊಟ್ಟು ಬಂದವರು, ಬಣ್ಣದ ನೀರಿನ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದಾರೆ.

ಮೊದಲ ಕಲಮು ಮಾತ್ರ ಖಾಲಿಯಾಗಿಯೇ ಉಳಿಯಿತು. ಅಲ್ಲಿಗೆ ಕ್ಯಾಮೆರಾ ಹೋಗಿದ್ದು ಅಪರೂಪ. ಊರು, ಗದ್ದೆ, ಮನೆ, ಅಲ್ಲಿ ಸತ್ತವರು ಯಾರೂ ಯಾವ ಚಿತ್ರದಲ್ಲೂ ಇಲ್ಲ. ಇರುವ ಚಿತ್ರಗಳಲ್ಲಿ ಎಲ್ಲರೂ ಅಲ್ಲಿಂದ ಹೊರಟವರೇ. ಒಂದೊಂದು ಭಾನುವಾರ ರಾಶಿ ಮುಖಗಳನ್ನು ನೋಡಿ ಮನೆಗೆ ಬಂದಾಗ, ಇವರೆಲ್ಲ ತಮ್ಮ ಹಿಂದೆ ಯಾರನ್ನೋ ಮರೆಮಾಡಿ ನಿಂತಿದ್ದಾರೆ ಅನ್ನಿಸುತ್ತಿತ್ತು.

ಕೈಗಡಿಯಾರ ಕಣ್ಣಿಗೆ ಬಿದ್ದದ್ದು ನವೆಂಬರಿನಲ್ಲಿ. ಶಿವಮೊಗ್ಗದ ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿ ಅವರ ಅಜ್ಜಿಯ ದೊಡ್ಡ ಫೋಟೋ ಇತ್ತು. ಅಗಲ ಅಂಚಿನ ಸೀರೆ, ಪುಟ್ಟ ದುಂಡು ಮೇಜಿನ ಮೇಲೆ ಇಟ್ಟ ಎಡಗೈ, ಆ ಕೈಯಲ್ಲಿ ತೆಳುಪಟ್ಟಿಯ ವಾಚು. ಗದ್ದೆ ನೆಟ್ಟಿ ಮಾಡುತ್ತಿದ್ದ ಹೆಂಗಸಿಗೆ ವಾಚು ಎಲ್ಲಿಂದ ಬಂತು ಎಂದು ಆಶ್ಚರ್ಯವಾಗಿ ಅದನ್ನು ಗುರುತು ಮಾಡಿಕೊಂಡೆ. ಎರಡು ವಾರದ ನಂತರ ಭದ್ರಾವತಿಯ ಅಂಗಡಿಯವರೊಬ್ಬರ ಮನೆಯಲ್ಲಿ ಬೇರೆ ಅಜ್ಜಿ, ಬೇರೆ ಮುಖ, ಆದರೆ ಅದೇ ಸೀರೆ, ಅದೇ ನೆರಿಗೆ, ಅದೇ ದುಂಡು ಮೇಜು. ವಾಚಿನ ಮುಳ್ಳುಗಳೂ ಅದೇ ಜಾಗದಲ್ಲಿ. ರೈಲಿನಲ್ಲಿ ವಾಪಸು ಬರುವಾಗ ಎರಡನ್ನೂ ಮೊಬೈಲಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದೆ. ಇಬ್ಬರು ಹೆಂಗಸರು ಒಂದೇ ಮೈಯನ್ನು ಹಂಚಿಕೊಂಡಿದ್ದರು.

ಮನೆಗೆ ಬಂದು, ಕಾಲು ತೊಳೆದು, ಊಟದ ಕೋಣೆಗೆ ಬಂದೆ. ಗೋಡೆಯ ಮೇಲೆ ನನ್ನ ಅಜ್ಜಿ. ಗಾಜಿನ ಮೇಲೆ ಹಣೆಗೆ ಸರಿಯಾಗಿ ಇಟ್ಟ ಕುಂಕುಮ, ಸುತ್ತ ಗಂಧದ ಹಾರ. ಹುಟ್ಟಿದಾಗಿನಿಂದ ದಿನಾ ನೋಡಿದ ಚಿತ್ರ. ಹಾರವನ್ನು ಸ್ವಲ್ಪ ಸರಿಸಿದೆ. ದುಂಡು ಮೇಜು. ವಾಚು. ಮುಳ್ಳುಗಳು ಅದೇ ಜಾಗದಲ್ಲಿ.

ಆ ರಾತ್ರಿ ಯಾರಿಗೂ ಹೇಳಲಿಲ್ಲ. ಮರುದಿನ ಕೆಲಸ ಮುಗಿಸಿ ಗಾಂಧಿ ಬಜಾರಿನ ಒಳಗಲ್ಲಿಯಲ್ಲಿರುವ ಸ್ಟುಡಿಯೋಗೆ ಹೋದೆ. ನಮ್ಮ ಚಿತ್ರದ ಚೌಕಟ್ಟಿನ ಮೂಲೆಯಲ್ಲಿ ಅದರ ಮುದ್ರೆ ಇತ್ತು. ಈಗ ಅಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುತ್ತಾರೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಎಪ್ಪತ್ತು ದಾಟಿದ ಮಾಲೀಕರು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ಜೋರಾಗಿ ನಕ್ಕರು.

“ಅರೇ, ಇದು ನಮ್ಮಮ್ಮನ ಕೈ!”

ನನಗೆ ಅರ್ಥವಾಗಲಿಲ್ಲ.

“ನಮ್ಮಪ್ಪ ತೆಗೆದದ್ದಮ್ಮ. ಹಳ್ಳಿ ಜನ ಬರೋರು, ಮುದುಕಿ ಸತ್ತೋಗಿದೆ, ಫೋಟೋ ಬೇಕು ಅನ್ನೋರು. ಇರೋದು ಮದುವೆ ಗುಂಪಿನಲ್ಲಿ ಕಡ್ಲೆಕಾಳಿನಷ್ಟು ಮುಖ. ಅದನ್ನ ದೊಡ್ಡದು ಮಾಡಿ, ಕತ್ತರಿಸಿ, ನಮ್ಮಮ್ಮನ ಮೈಗೆ ಅಂಟಿಸಿ, ಮೇಲೆ ಟಚಿಂಗ್ ಮಾಡಿ ಕೊಡ್ತಿದ್ರು. ಬಾಡಿ ನಮ್ಮ ಸ್ಟಾಕು, ತಲೆ ಗಿರಾಕೀದು. ಎಷ್ಟು ಮನೇಲಿ ನಮ್ಮಮ್ಮಂಗೆ ಊದುಬತ್ತಿ ಹಚ್ತಾರೋ ಆ ದೇವರಿಗೇ ಗೊತ್ತು. ಬದುಕಿದ್ದಾಗ ಒಂದು ದಿನ ನಾನು ಹಚ್ಚಲಿಲ್ಲ ನೋಡಿ!”

“ನಮ್ಮಜ್ಜಿ ತಲೆ ಎಲ್ಲಿಂದ ಬಂತು?” ಎಂದೆ.

“ಅದು ನೀವು ತಂದುಕೊಟ್ಟಿದ್ದು. ತಲೆ ಇಲ್ದೆ ನಾವೇನು ಮಾಡೋಣ? ನಾವೇನು ಬ್ರಹ್ಮನಾ? ಮನೇಲಿ ಕೇಳಿ.”

ಮನೆಯಲ್ಲಿ ಕೇಳುವುದು ಸುಲಭವಿರಲಿಲ್ಲ. ಅಪ್ಪ ಎರಡೂವರೆ ವರ್ಷದ ಮಗುವಾಗಿದ್ದಾಗ, ಊರಿನಲ್ಲೇ, ಇಳಿದು ಬರುವ ಮೊದಲೇ, ಅವರ ತಾಯಿ ಜ್ವರದಿಂದ ತೀರಿಕೊಂಡಿದ್ದರು. ಅಪ್ಪನಿಗೆ ತಾಯಿ ಎಂದರೆ ಈ ಚಿತ್ರ. ಮಹಾಲಯ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡುವಾಗ ಅವರು ಬಾಳೆಲೆಯ ಮುಂದೆ ಕೂತು ಈ ಮುಖವನ್ನೇ ನೋಡುತ್ತಾರೆ. ಬಿಸಿ ಕಡುಬು ಇಟ್ಟು, “ತಣ್ಣಗಾಗೋದ್ರೊಳಗೆ ತಗೋಮ್ಮ” ಎನ್ನುತ್ತಾರೆ. ಅರವತ್ತು ದಾಟಿದ, ಸರ್ಕಾರಿ ಕಚೇರಿಯಿಂದ ನಿವೃತ್ತರಾದ, ಯಾರ ಮುಂದೆಯೂ ಕಣ್ಣೀರು ಹಾಕದ ಮನುಷ್ಯ.

ಮೂರು ಚಿತ್ರಗಳನ್ನೂ ಮೇಜಿನ ಮೇಲೆ ಇಟ್ಟು ಹೇಳಿದೆ. ಮೊದಲು ಮಾತಾಡಿದ್ದು ಅಮ್ಮ.

“ನಿನಗೆ ಅತ್ತೆ ಕಾಟ ಇಲ್ಲ, ಪುಣ್ಯವಂತೆ ಅಂತ ಊರೆಲ್ಲ ಹೊಟ್ಟೆಕಿಚ್ಚು ಪಟ್ಟಿತ್ತು. ಈಗ ಒಟ್ಟಿಗೆ ಮೂರು ಜನ ಅತ್ತೇರನ್ನ ತಂದು ಕೂರಿಸಿದ್ಯಲ್ಲೇ ಮಾರಾಯ್ತಿ.”

ಅಪ್ಪ ನಗಲಿಲ್ಲ. ವಾಚಿನ ಮೇಲೆ ಬೆರಳಿಟ್ಟರು. “ನಮ್ಮಮ್ಮಂಗೆ ವಾಚಿತ್ತು ಅಂತ ಶಾಲೇಲಿ ಎಷ್ಟು ಜಂಬ ಕೊಚ್ಚಿದ್ದೆ ಗೊತ್ತಾ” ಎಂದರು. ಆಮೇಲೆ ಬೆರಳನ್ನು ಮುಖದ ಕಡೆ ಸರಿಸಿ, “ಹೋಗ್ಲಿ ಬಿಡು. ಮೈ ಯಾರದ್ದಾದ್ರೂ ಆಗ್ಲಿ. ಮುಖ ಅಮ್ಮಂದೇ ತಾನೆ? ಅಷ್ಟು ಸಾಕು” ಎಂದು ನನ್ನ ಕಡೆ ನೋಡಿದರು.

ನಾನು ಹೌದು ಎನ್ನಬಹುದಿತ್ತು. ಆದರೆ ನನ್ನ ಖಾಲಿ ಕಲಮು ಕಣ್ಣಮುಂದೆ ಬಂತು. ಕತ್ತರಿಸಲು ಒಂದು ಫೋಟೋ ಬೇಕಲ್ಲ. ಊರಿನಲ್ಲಿ ಅಜ್ಜಿಯ ಫೋಟೋವನ್ನು ಯಾರು, ಯಾವಾಗ ತೆಗೆದರು? ಅದನ್ನೇ ಅಪ್ಪನನ್ನು ಕೇಳಿದೆ.

“ಚಿಕ್ಕಮ್ಮನ್ನ ಕೇಳ್ಬೇಕು” ಎಂದರು.

ಅಪ್ಪನ ಚಿಕ್ಕಮ್ಮ, ಎಂದರೆ ನನ್ನ ಅಜ್ಜಿಯ ತಂಗಿ, ಮದುವೆಯಾಗಿ ಭದ್ರಾವತಿಗೆ ಹೋದವರು. ನಾನು ಅವರನ್ನು ಚಿಕ್ಕಜ್ಜಿ ಎನ್ನುತ್ತೇನೆ. ಅವರು ನಮ್ಮ ಮನೆಯ ಹೊಸ್ತಿಲು ದಾಟಿದ್ದನ್ನು ನಾನು ನೋಡಿಲ್ಲ. ಮದುವೆ, ನಾಮಕರಣಗಳಲ್ಲಿ ದೂರದ ಸಾಲಿನಲ್ಲಿ ಕೂತು, ಅಪ್ಪ ಹತ್ತಿರ ಬರುವ ಮೊದಲೇ ಎದ್ದು ಹೋಗುತ್ತಿದ್ದರು. ಯಾವುದೋ ಹಳೆಯ ಮನಸ್ತಾಪ ಎಂದುಕೊಂಡಿದ್ದೆವು. ನಮ್ಮ ಕಡೆ ಅಂಥದ್ದಕ್ಕೆ ಕಾರಣ ಕೇಳುವುದಿಲ್ಲ.

ಡಿಸೆಂಬರಿನ ಮೊದಲ ಭಾನುವಾರ ನಾವಿಬ್ಬರೂ ಭದ್ರಾವತಿ ಬಸ್ಸು ಹತ್ತಿದೆವು. ಕಿಟಕಿಯ ಕಡೆ ಕೂತಿದ್ದ ಅಪ್ಪ ಇದ್ದಕ್ಕಿದ್ದಂತೆ, ನನಗೆ ಎಂದೂ ಹೇಳದ ಒಂದು ವಿಷಯ ಹೇಳಿದರು. ಅವರಿಗೆ ತಾಯಿಯ ಒಂದೇ ಒಂದು ನೆನಪು ಇತ್ತು. ಹಸಿರು ಸೀರೆಯುಟ್ಟು ಬಾಗಿಲಲ್ಲಿ ನಿಂತು ಅವರನ್ನು ಮುದ್ದಿನ ಹೆಸರಿನಿಂದ ಕರೆದಳು. ಇವರು ಹೋಗಲಿಲ್ಲ. ಯಾಕೋ ಹೆದರಿ ಹಿತ್ತಿಲಿಗೆ ಓಡಿದರು. ತಿರುಗಿ ಬಂದಾಗ ಅವಳು ಇರಲಿಲ್ಲ, ಮತ್ತೆ ಬರಲಿಲ್ಲ.

“ಅವತ್ತು ಹೋಗಿದ್ರೆ ಆಗ್ತಿತ್ತು” ಎಂದರು ಅಪ್ಪ. ಮತ್ತೆ ಕಿಟಕಿಯ ಕಡೆ ತಿರುಗಿದರು.

ಚಿಕ್ಕಜ್ಜಿ ಇರುವುದು ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನಲ್ಲಿ, ಮಗನ ಜೊತೆ. ಅರ್ಧ ಮನೆಗಳಿಗೆ ಬೀಗ. ಉಳಿದವುಗಳ ಮುಂದೆ ರಂಗೋಲಿ. ನಾವು ಗೇಟು ತೆಗೆಯುತ್ತಿದ್ದ ಹಾಗೆ ಪಕ್ಕದ ಮನೆಯ ತಮಿಳು ಹೆಂಗಸು, “ಪಾಟೀ, ನಿಮ್ಮ ಕಡೆ ಜನ ಬಂದವ್ರೆ!” ಎಂದು ಅಜ್ಜಿಯನ್ನು ಕೂಗಿದರು. ಚಿಕ್ಕಜ್ಜಿ ಅವರೆಕಾಯಿ ಸುಲಿಯುತ್ತಾ ಜಗಲಿಯಲ್ಲಿ ಕೂತಿದ್ದರು. ಅಪ್ಪನನ್ನು ಕಂಡು ಒಳಗೆ ಹೋಗಲು ಎದ್ದರು. ಮೊಣಕಾಲು ಬಿಡಲಿಲ್ಲ. ಮತ್ತೆ ಕೂತರು.

ನಾನು ಮೊಬೈಲಿನಲ್ಲಿ ನಮ್ಮ ಮನೆಯ ಫೋಟೋ ತೋರಿಸಿದೆ. ಅವರು ಅದನ್ನು ಸರಿಯಾಗಿ ನೋಡಲೂ ಇಲ್ಲ.

“ಗಾಜಿನ ಮೇಲೆ ಇನ್ನೂ ಕುಂಕುಮ ಇಡ್ತೀರಾ?” ಎಂದರು.

“ಇಡ್ತೀವಿ ಚಿಕ್ಕಮ್ಮ. ಹಾರನೂ ಇದೆ” ಎಂದರು ಅಪ್ಪ.

“ತೆಗಿ ಮಾರಾಯ. ನಾನಿನ್ನೂ ಸತ್ತಿಲ್ಲ.”

ನಾನು ಮೊಬೈಲನ್ನೂ ಅವರನ್ನೂ ನೋಡಿದೆ. ಎಂಬತ್ತು ದಾಟಿದ ಆ ಮುಖದ ಕೆನ್ನೆಗಳನ್ನು ತುಂಬಿಸಿ, ಸುಕ್ಕುಗಳನ್ನು ತೆಗೆದು, ತುಟಿಯ ಕೆಳಗಿನ ಮಚ್ಚೆಯನ್ನು ಅಳಿಸಿದರೆ, ಅದು ನಮ್ಮ ಗೋಡೆಯ ಮೇಲಿತ್ತು.

ಅವರು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆ ಹೇಳಿದರು. “ಊರಲ್ಲಿ ನಮಗೆ ಹಿರಿಯರು ಅಂದ್ರೆ ಕಲ್ಲು. ಗದ್ದೆ ಬದೀಲಿ ನಿಲ್ಸಿರ್ತಿದ್ರು. ಅಕ್ಕನ ಕಲ್ಲೂ ಅಲ್ಲೇ ಇತ್ತು. ಎಡೆ ಅದಕ್ಕೇ. ಆ ಕಲ್ಲು ನೀರಲ್ಲಿ ಹೋಯ್ತಲ್ಲ, ಇಲ್ಲಿಗೆ ಬಂದ್ಮೇಲೆ ಎಂತಕ್ಕೆ ಎಡೆ ಇಡೋದು? ಇಲ್ಲಿಯೋರೆಲ್ಲ ಫೋಟೋ ಇಟ್ಕೊಂಡಿದ್ರು. ನಿಮ್ಮಪ್ಪ, ನಮ್ಮ ಭಾವ, ಒಂದಿನ ಬಂದ್ರು. ನೀನು ಅವಳ ಹಾಗೇ ಇದೀಯ, ಒಂದ್ಸಲ ಬಂದು ಕೂತ್ಕೋ ತಾಯಿ, ಮಗು ಅಮ್ಮ ಎಲ್ಲಿ ಅಂತ ಕೇಳತ್ತೆ ಅಂದ್ರು. ನಂಗೆ ಮದುವೆಯಾಗಿ ಆರು ತಿಂಗಳು. ಹೋಗಿ ಕೂತೆ. ಸ್ಟುಡಿಯೋದೋನು ಮುಖ ಒಂದು ಸಾಕು, ಮೈ ನಮ್ಮಲ್ಲೇ ಇದೆ ಅಂದ. ನಗ್ಬೇಡ, ಸತ್ತೋರು ನಗಬಾರ್ದು ಅಂದ.”

“ಬದುಕಿರೋರನ್ನ ಕೂರಿಸಿ...” ಎಂದು ಅಪ್ಪ ಅರ್ಧಕ್ಕೇ ನಿಲ್ಲಿಸಿದರು.

“ಮತ್ತೆ! ನಮ್ಮತ್ತೆಗೆ ಗೊತ್ತಾಗಿ ಏನು ರಂಪ ಅಂತೀಯ. ಮುತ್ತೈದೆ ಮುಖಕ್ಕೆ ಹಾರ ಹಾಕಿಸ್ಕೊಂಡು ಬಂದಿದೀಯ, ನನ್ನ ಮಗನ ಗತಿ ಏನು ಅಂತ ಮೂರು ದೇವಸ್ಥಾನಕ್ಕೆ ಕರ್ಕೊಂಡೋದ್ರು. ಆ ಮಗ ಎಂಬತ್ತರವರೆಗೂ ಗುಂಡುಕಲ್ಲಿನ ಹಾಗಿದ್ದ, ಬಿಡು.”

“ಅದಕ್ಕೇ ನಮ್ಮನೆಗೆ ಬರ್ಲಿಲ್ವಾ?” ಎಂದು ನಾನು ಕೇಳಿದೆ.

ಅವರು ಮೊದಲ ಸಲ ಅಪ್ಪನನ್ನು ನೇರವಾಗಿ ನೋಡಿದರು.

“ಬಂದಿದ್ದೆ. ಒಂದೇ ಸಲ. ಇವನಿಗೆ ಐದೋ ಆರೋ ವರ್ಷ. ಒಳಗೆ ಆ ಫೋಟೋ ಮುಂದೆ ಕೈ ಮುಗ್ಕೊಂಡು ನಿಂತಿದ್ದ. ನಾನು ಬಾಗ್ಲಲ್ಲಿ ನಿಂತು ಕರ್ದೆ. ತಿರುಗಿ ನೋಡಿದ. ಫೋಟೋ ನೋಡ್ದ, ನನ್ನ ನೋಡ್ದ, ಕಿಟಾರ್ ಅಂತ ಕಿರುಚ್ಕೊಂಡು ಹಿತ್ಲಿಗೆ ಓಡಿದ. ನಾಲ್ಕು ದಿನ ಜ್ವರ ಬಂತಂತೆ. ಆಮೇಲೆ ನಾನು ಹೇಗೆ ಬರ್ಲಿ? ಒಂದು ಮುಖ ಎರಡು ಕಡೆ ಇದ್ರೆ ಮಗು ಏನು ಮಾಡ್ಬೇಕು?”

ಅಪ್ಪ ಸುಲಿದ ಅವರೆಕಾಳಿನತ್ತ ಕೈ ಚಾಚಿದರು. ಆಮೇಲೆ ಕೇಳಿದರು, “ಹಸಿರು ಸೀರೆ ಉಟ್ಟಿದ್ರಾ?”

“ನೀಲಿ. ಹಸಿರು ನಂಗೆ ಒಪ್ಪಲ್ಲ.”

ಅಪ್ಪ ಅರವತ್ತು ವರ್ಷ ಹೊತ್ತಿದ್ದ ತಪ್ಪು ಅವರದ್ದಲ್ಲ ಎಂದು ತಿಳಿದ ಗಳಿಗೆಯೇ, ಅವರ ಪಾಲಿಗಿದ್ದ ಒಂದೇ ನೆನಪೂ ಹೋಯಿತು. ಇದು ನನಗೆ ಹೊಳೆದದ್ದು ಅಪ್ಪನ ಕೈ ನೋಡಿ. ಸುಲಿದ ಅವರೆಕಾಳನ್ನು ಒಂದೊಂದಾಗಿ ಮತ್ತೆ ಸಿಪ್ಪೆಯೊಳಗೆ ಇಡುತ್ತಿದ್ದರು.

“ಹಾಗಾದ್ರೆ ಅಮ್ಮ ಹೇಗಿದ್ಲು ಚಿಕ್ಕಮ್ಮ?”

“ನನಗಿಂತ ಕಪ್ಪು. ಎತ್ತರ. ಹಲ್ಲು ಮುಂದೆ. ನಗೋವಾಗ ಬಾಯಿಗೆ ಸೆರಗು ಹಿಡ್ಕೊಳ್ತಿದ್ಲು.” ಅಷ್ಟು ಹೇಳಿ ನಿಲ್ಲಿಸಿದರು. “ಇದೆಲ್ಲ ಬಾಯಲ್ಲಿ ಬರತ್ತೆ, ಕಣ್ಣಿಗೆ ಬರಲ್ಲ. ಮೊದ್ಲು ಬರ್ತಿತ್ತು. ಆ ಫೋಟೋ ಆದ್ಮೇಲೆ, ಅಕ್ಕನ್ನ ನೆನೆಸ್ಕೊಂಡ್ರೆ ನಂದೇ ಮುಖ ಎದುರಿಗೆ ಬರತ್ತೆ. ಕುಂಕುಮ ಇಟ್ಕೊಂಡು. ನನ್ನನ್ನೇ ನೋಡತ್ತೆ.”

ಕಾರ್ಖಾನೆಯ ಕಡೆಯಿಂದ ಯಾವ ಸದ್ದೂ ಬರುತ್ತಿರಲಿಲ್ಲ. ಜಗಲಿಯ ಮೇಲೆ ನಾವು ಮೂವರು, ಮೂವರಲ್ಲಿ ಯಾರ ಕಣ್ಣಿಗೂ ಬರದ ಒಂದು ಮುಖಕ್ಕೆ ಕಾಯುತ್ತಾ ಕೂತ ಹಾಗಿತ್ತು. ನನ್ನ ಖಾಲಿ ಕಲಮಿಗೆ ಸೇರಬೇಕಾದ ಅಂಥ ಸತ್ತವರು ಇನ್ನೂ ಎಷ್ಟು ಜನರಿದ್ದಾರೋ ಎನ್ನಿಸಿತು. ಕಲ್ಲು ಮುಳುಗಿ, ಬೇರೆಯವರ ಮೈ, ಬೇರೆಯವರ ಮುಖ ಎರವಲು ಪಡೆದು, ಈ ಎರಡು ಪಟ್ಟಣಗಳ ಗೋಡೆಗಳ ಮೇಲೆ ವರ್ಷಕ್ಕೊಮ್ಮೆ ಕಡುಬು ತಿನ್ನುತ್ತಿರುವವರು. ನಾನು ಪ್ರತಿ ತೆಗೆದುಕೊಂಡ ಮುಖಗಳಲ್ಲಿ ಯಾವುದನ್ನು ನಂಬಬೇಕು ಎಂಬುದು ಅಂದಿನಿಂದ ನನಗೆ ತಿಳಿಯುತ್ತಿಲ್ಲ.

ನಾವು ಹೊರಡುವಾಗ ಅಪ್ಪ ಹಾರ ತೆಗೆಯುವುದಾಗಿ ಮಾತು ಕೊಟ್ಟರು. ಚಿಕ್ಕಜ್ಜಿ ನಕ್ಕರು. “ಫೋಟೋ ಮಾತ್ರ ಇಟ್ಕೋ. ನಾನು ಹೋದಾಗ ನನ್ನ ಮಗಂಗೆ ಕೊಡು. ಕಟ್ಟು ಹಾಕ್ಸಿ ರೆಡಿ ಇದೆ, ಖರ್ಚಿಲ್ಲ.”

ಗೇಟಿನ ಹತ್ತಿರ ಹೋದವರನ್ನು ಮತ್ತೆ ಕರೆದರು. ಏನೋ ನೆನಪಾಗಿತ್ತು.

“ಒಂದ್ಸಲ ತೆಗ್ದಿದ್ರು. ಊರಲ್ಲೇ. ನೀರು ಬರೋ ಹಿಂದಿನ ಬೇಸಿಗೇಲಿ. ಹೊಳೆ ದಾಟೋ ಕಡವಲ್ಲಿ ನಾವು ದೋಣಿಗೆ ಕಾಯ್ತಾ ಇದ್ವಿ. ಯಾರೋ ಪ್ಯಾಂಟು ಹಾಕ್ಕೊಂಡೋನು, ಪರ ಊರೋನು, ಕೊರಳಲ್ಲಿ ಕ್ಯಾಮೆರಾ. ಹೆಂಗಸರೆಲ್ಲ ಸಾಲಾಗಿ ನಿಲ್ಲಿ ಅಂದ. ಏಳೆಂಟು ಜನ ಇದ್ವಿ. ಚಿತ್ರ ಕಳಿಸ್ತೀನಿ ಅಂದ. ಎಲ್ಲಿಗೆ ಕಳಿಸ್ತಾನೆ? ಊರೇ ಇಲ್ವಲ್ಲ.”

“ಅಮ್ಮ ಇದ್ಲಾ?” ಅಪ್ಪನ ದನಿ ಬದಲಾಗಿತ್ತು.

“ಇದ್ಲು. ನನ್ನ ಪಕ್ಕದಲ್ಲೇ, ಬಲಗಡೆ. ಸೊಂಟದ ಮೇಲೆ ನೀನು. ಬಾಯಿಗೆ ಸೆರಗು ಹಿಡ್ಕೊಂಡ್ಲೋ ಇಲ್ವೋ ಅದು ಗೊತ್ತಿಲ್ಲ, ನಾನು ಕ್ಯಾಮೆರಾನೇ ನೋಡ್ತಿದ್ದೆ.” ಆಮೇಲೆ ನನ್ನ ಕಡೆ ತಿರುಗಿ, “ನನ್ನ ಮುಖ ನಿಮಗೆ ಚೆನ್ನಾಗಿ ಗೊತ್ತಲ್ಲ ಮಗಾ. ಅದ್ರಲ್ಲಿ ನನ್ನ ಹುಡ್ಕು. ನನ್ನ ಪಕ್ಕದಲ್ಲಿರೋಳು ಅವಳು” ಎಂದರು.

ಅದೇ ಸಂಜೆ ಅಪ್ಪ ಫೋಟೋ ಕೆಳಗಿಳಿಸಿದರು. ಒದ್ದೆ ಬಟ್ಟೆಯಿಂದ ಗಾಜಿನ ಮೇಲಿನ ಕುಂಕುಮ ಒರೆಸಿದರು. ವರ್ಷಗಳ ಕುಂಕುಮ, ಬೇಗ ಹೋಗಲಿಲ್ಲ. ಅಮ್ಮ ಯಾವ ಕುಚೋದ್ಯವನ್ನೂ ಮಾಡದೆ ಸ್ವಲ್ಪ ಬಿಸಿನೀರು ತಂದುಕೊಟ್ಟರು. “ಈ ಸಲ ಎಡೆ ಯಾರ ಮುಂದೆ ಇಡ್ಲಿ?” ಎಂದು ಅಪ್ಪ ಒಮ್ಮೆ ಕೇಳಿದರು. ಆಮೇಲೆ ಆ ಮಾತು ಎತ್ತಿಲ್ಲ. ಆದರೆ ನಾನು ಭಾನುವಾರ ಫೋಟೋ ಹುಡುಕಲು ಹೊರಟರೆ ಈಗ ಅವರೂ ಚಪ್ಪಲಿ ಹಾಕಿಕೊಳ್ಳುತ್ತಾರೆ. ಯಾರದೋ ಮನೆಯ ಟ್ರಂಕು ತೆರೆದ ಕೂಡಲೇ ಕನ್ನಡಕ ಹಾಕಿಕೊಂಡು, ಸೊಂಟದ ಮೇಲೆ ಮಗು ಇರುವ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾರೆ. ಇದುವರೆಗೆ ಐದು ಮನೆ ಆಯಿತು. ಸಿಕ್ಕಿಲ್ಲ.

ಆದ್ದರಿಂದ ಈ ಬರಹ. ಇದರ ಜೊತೆ ಅಚ್ಚಾಗಿರುವುದು ನನ್ನ ಚಿಕ್ಕಜ್ಜಿಯ ಮುಖ. ಕೆಳಗಿನ ಮೈಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನಿಮ್ಮ ಮನೆಯಲ್ಲಿ, ಅಥವಾ ಆ ಕಾಲದಲ್ಲಿ ಮಲೆನಾಡಿನ ಕಡೆ ತಿರುಗಾಡಿದ ನಿಮ್ಮ ಹಿರಿಯರೊಬ್ಬರ ಪೆಟ್ಟಿಗೆಯಲ್ಲಿ, ಹೊಳೆಯ ದಡದಲ್ಲಿ ದೋಣಿಗೆ ಕಾಯುತ್ತಾ ಸಾಲಾಗಿ ನಿಂತ ಹೆಂಗಸರ ಫೋಟೋ ಇದ್ದರೆ, ಅದರಲ್ಲಿ ಮೊದಲು ಈ ಮುಖವನ್ನು ಹುಡುಕಿ. ಇಲ್ಲಿ ಅಳಿಸಿಹಾಕಿರುವ ಮಚ್ಚೆ ಅದರಲ್ಲಿ ತುಟಿಯ ಕೆಳಗೆ ಇರುತ್ತದೆ. ಅವರ ಬಲಕ್ಕೆ, ಅವರಿಗಿಂತ ಎತ್ತರದ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಮೂಲ ಪ್ರತಿ ಕಳಿಸುವುದು ಬೇಡ, ನಾವೇ ಬಂದು ನೋಡಿ ವಾಪಸು ಬರುತ್ತೇವೆ. ಬಾಯಿಗೆ ಸೆರಗು ಅಡ್ಡವಿದ್ದರೂ ಪರವಾಗಿಲ್ಲ. ಕಣ್ಣುಗಳಷ್ಟು ಕಂಡರೂ ಸಾಕು ಎಂದು ಅಪ್ಪ ಬರೆಯಲು ಹೇಳಿದ್ದಾರೆ. ಮಹಾಲಯ ಅಮಾವಾಸ್ಯೆಯೊಳಗೆ ತಿಳಿಸಿದರೆ ಒಳ್ಳೆಯದು.